ನಾಗನ ಕಲ್ಲಿಗೆ ಕಟ್ಟಿದ ನಕ್ಷೆ

ಮಂಗಳೂರಿನಲ್ಲಿ ಜಾಗ ಬಿಟ್ಟು ಕದಲದ ವಸ್ತು ಯಾವುದು ಎಂದು ಯಾರಾದರೂ ಕೇಳಿದ್ದರೆ, ಆ ವರ್ಷದವರೆಗೆ ನಾನು ಯೋಚಿಸದೆ ಉತ್ತರ ಕೊಡುತ್ತಿದ್ದೆ: ನಾಗನ ಕಲ್ಲು. ರಸ್ತೆ ಅಗಲವಾಗುತ್ತದೆ, ಹಂಚಿನ ಮನೆ ಹೋಗಿ ಅಪಾರ್ಟ್‌ಮೆಂಟ್ ಬರುತ್ತದೆ, ನದಿಯ ದಡವೂ ಆಚೀಚೆ ಸರಿಯುತ್ತದೆ. ನಾಗನನ್ನು ಮುಟ್ಟುವ ಧೈರ್ಯ ಯಾರಿಗುಂಟು? ಪುರೋಹಿತರ ಮನೆಯಲ್ಲಿ ಹುಟ್ಟಿ ಕಂಪ್ಯೂಟರ್ ಮುಂದೆ ಕೂತವಳು ನಾನು. ದೇವರ ಬಗ್ಗೆ ನೂರು ಅನುಮಾನಗಳಿದ್ದವು, ನಾಗನ ವಿಳಾಸದ ಬಗ್ಗೆ ಇರಲಿಲ್ಲ.

ನಮ್ಮದು ನಕ್ಷೆ ಮಾಡುವ ಚಿಕ್ಕ ಕಚೇರಿ. ಒಂದು ಮಳೆಗಾಲದಲ್ಲಿ ಕುದ್ರೋಳಿಯ ಕಡೆ ಒಂದು ಓಣಿ ಕುಸಿದು, ಅದರಡಿ ಯಾರೋ ಯಾವಾಗಲೋ ಮುಚ್ಚಿದ ಬಾವಿ ಕಾಣಿಸಿತು. ಅಂಥ ಮರೆತುಹೋದ ಬಾವಿಗಳು ಇನ್ನೆಲ್ಲೆಲ್ಲಿವೆ ಎಂದು ಹುಡುಕುವ ಕೆಲಸ ನಮಗೆ ಬಂತು. ಉಪಾಯ ಸರಳ. ಹಳೆಯ ಸರ್ವೆ ನಕ್ಷೆಯಲ್ಲಿ ಬಾವಿಗಳಿಗೆ ಚಿಕ್ಕ ವೃತ್ತಗಳಿವೆ. ಆ ಕಾಗದವನ್ನು ಸ್ಕ್ಯಾನ್ ಮಾಡಿ, ಜಿಐಎಸ್ ತಂತ್ರಾಂಶದಲ್ಲಿ ಇಂದಿನ ಉಪಗ್ರಹ ಚಿತ್ರದ ಮೇಲೆ ಹಾಸಬೇಕು. ವೃತ್ತ ಯಾವ ಮನೆಯ ಮಾಡಿನ ಮೇಲೆ ಬೀಳುತ್ತದೋ ಆ ಮನೆಯಡಿ ಬಾವಿ. ಆದರೆ ಎರಡೂ ಸರಿಯಾಗಿ ಕೂರಬೇಕಾದರೆ ಅಂದಿಗೂ ಇಂದಿಗೂ ಕದಲದ ಗುರುತುಗಳು ಬೇಕು. ಒಣಗಲು ಹಾಕಿದ ಬಟ್ಟೆಗೆ ಕ್ಲಿಪ್ ಸಿಕ್ಕಿಸಿದ ಹಾಗೆ ಅಲ್ಲಲ್ಲಿ ಅವನ್ನು ಸಿಕ್ಕಿಸುತ್ತೇವೆ.

ಆ ಹಾಳೆಯ ಪಡುವಣ ಮೂಲೆಯಲ್ಲಿ ನನಗೆ ಸಿಕ್ಕಿದ್ದು ಎರಡೇ ಗುರುತು. ಒಂದು ಮಸೀದಿಯ ಕೊಳದ ಮೂಲೆ, ಇನ್ನೊಂದು ಅಪಾರ್ಟ್‌ಮೆಂಟಿನ ಪಕ್ಕದ ನಾಗನ ಕಲ್ಲು. ಎರಡೂ ಒಂದಕ್ಕೊಂದು ಹೊಂದಲಿಲ್ಲ. ಯಾವುದೋ ಒಂದು ತಪ್ಪು ಎಂದು ತಂತ್ರಾಂಶ ಕೆಂಪು ಅಂಕಿ ತೋರಿಸಿ ತಕರಾರು ಮಾಡಿತು. ನಾನು ಕೊಳವನ್ನು ಅಳಿಸಿದೆ. ಅದನ್ನು ಎಂದೋ ಒಡೆದು ದೊಡ್ಡದಾಗಿ ಕಟ್ಟಿಸಿರಬೇಕು ಎಂದು ನಾನೇ ತೀರ್ಮಾನಿಸಿಬಿಟ್ಟೆ. ಮಸೀದಿಗೆ ಹೋಗಿ ಒಂದು ಮಾತು ಕೇಳಬಹುದಿತ್ತು, ಕೇಳಲಿಲ್ಲ.

ನಕ್ಷೆ ಮುಗಿದ ಮೇಲೆ ಟ್ಯಾಬ್ ಹಿಡಿದು ಮನೆ ಮನೆ ಸುತ್ತಲು ಹೊರಟೆ. ಒಂದು ಬ್ಯಾರಿ ಕುಟುಂಬದ ಹಳೆಯ ಮನೆಯಲ್ಲಿ ನನಗಾಗಿಯೇ ಕಾಯುತ್ತಿದ್ದರು. ಮನೆಯ ಯಜಮಾನ ಗಲ್ಫಿನಿಂದ ವಾಪಸು ಬಂದು ಅತ್ತರಿನ ಅಂಗಡಿ ಇಟ್ಟವರು. ಅವರ ತಾಯಿ, ಎಲ್ಲರೂ ಉಮ್ಮ ಎನ್ನುವ ಮುದುಕಿ, ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದರು. ಕೆಲವು ದಿನಗಳಿಂದ ಅವರಿಗೆ ಆ ಕೋಣೆಯ ನೆಲದಡಿಯಿಂದ ಶಬ್ದ ಕೇಳುತ್ತಿತ್ತು.

“ಯಾರೋ ನೀರು ಸೇದಿದ ಹಾಗೆ, ಮಗಳೇ,” ಎಂದರು ಉಮ್ಮ. “ಕೊಡಪಾನ ಕಲ್ಲಿಗೆ ತಾಗ್ತದಲ್ಲ, ಆ ಶಬ್ದ. ದಿನಕ್ಕೊಂದು ಸಲ ಗ್ಯಾರಂಟಿ ಉಂಟು. ರಾತ್ರಿಯದ್ದು ಗೊತ್ತಿಲ್ಲ, ಮಾತ್ರೆ ತಿಂದು ಮಲಗ್ತೇನೆ.”

“ಎದುರಿನ ಕೋಣೆಗೆ ಮಂಚ ಹಾಕು ಅಂತ ಒಂದೇ ಹಟ,” ಎಂದರು ಮಗ. “ಅಲ್ಲಿ ಅಂಗಡಿಯ ಮಾಲು ತುಂಬಿ ಉಂಟು. ನೀವು ಒಮ್ಮೆ ನೋಡಿ ಹೇಳಿ ಮೇಡಂ. ಬಾವಿ ಉಂಟಾದ್ರೆ ಇವತ್ತೇ ಮಂಚ ತೆಗೀತೇನೆ. ಇಲ್ಲಾದ್ರೆ ಇವರನ್ನು ಡಾಕ್ಟರಿಗೆ ತೋರಿಸ್ಲಿಕ್ಕೆ ಉಂಟು.”

ಟ್ಯಾಬ್ ತೆರೆದೆ. ವೃತ್ತ ಮನೆಯ ಹೊರಗೆ, ಆಚೆ ಓಣಿಯಲ್ಲಿತ್ತು. “ನಿಮ್ಮ ಮನೆಯಡಿ ಎಂತದ್ದೂ ಇಲ್ಲ ಉಮ್ಮ,” ಎಂದೆ. “ಬಾವಿ ಇರುವುದು ಅಲ್ಲಿ, ಓಣಿಯಲ್ಲಿ. ಆರಾಮ ಮಲಗಿ.”

ಉಮ್ಮ ಟ್ಯಾಬನ್ನು ತಿರುಗಿಸಿ ಹಿಂಬದಿ ನೋಡಿದರು. “ಇದಕ್ಕೆ ಕಿವಿ ಉಂಟಾ?” ಎಂದು ಕೇಳಿದರು.

ನಾನು ನಕ್ಕೆ. ಮಗನೂ ನಕ್ಕರು. ಗೋಡೆಯಲ್ಲಿ ನಮಾಜಿನ ಹೊತ್ತುಗಳನ್ನು ಅಚ್ಚು ಹಾಕಿದ ಕ್ಯಾಲೆಂಡರ್ ತೂಗುತ್ತಿತ್ತು. ಶಬ್ದ ಕೇಳಿದ ಹೊತ್ತಿಗೆಲ್ಲ ಉಮ್ಮ ಅದರ ಮೇಲೆ ಪೆನ್ಸಿಲಿನಿಂದ ಗೀಟು ಹಾಕಿದ್ದರು. ಮಧ್ಯಾಹ್ನದ ನಮಾಜಿನ ಹತ್ತಿರ ಶುರುವಾದ ಗೀಟುಗಳು ದಿನಕ್ಕಿಷ್ಟು ಸರಿಯುತ್ತ ಸಂಜೆಯ ಕಡೆಗೆ ಮೆಟ್ಟಿಲಿನಂತೆ ಇಳಿದಿದ್ದವು. ಅದರದ್ದೂ ಒಂದು ಫೋಟೊ ತೆಗೆದುಕೊಂಡೆ. ಕಚೇರಿಯಲ್ಲಿ ತೋರಿಸಿ ನಗಲಿಕ್ಕೆ, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಬಿಟ್ಟು ಚರಂಡಿಗಳ ನಕ್ಷೆ ಮಾಡುತ್ತಿದ್ದೆ. ಸಮುದ್ರದ ಉಬ್ಬರಕ್ಕೆ ಹತ್ತಿರದ ನದಿ ಏರಿದಾಗ ಯಾವ ಚರಂಡಿಯಲ್ಲಿ ನೀರು ಹಿಂದಕ್ಕೆ ಬರುತ್ತದೆ ಎಂದು ನೋಡಬೇಕಿತ್ತು. ಅದಕ್ಕೆ ಪಣಂಬೂರು ಬಂದರಿನ ಉಬ್ಬರ ಇಳಿತದ ಪಟ್ಟಿ ಮೇಜಿನ ಮೇಲಿತ್ತು. ಉಬ್ಬರದ ಹೊತ್ತು ದಿನವೂ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಆ ಸಾಲನ್ನು ಓದುತ್ತಿದ್ದಂತೆ ಉಮ್ಮನ ಮೆಟ್ಟಿಲು ನೆನಪಾಯಿತು. ಫೋಟೊ ತೆರೆದು ಪಕ್ಕದಲ್ಲಿಟ್ಟೆ. ಒಂದೊಂದು ಗೀಟೂ ಒಂದೊಂದು ಉಬ್ಬರದ ಹೊತ್ತಿಗೆ ಹೊಂದಿತು. ಮುದುಕಿಯ ಕಿವಿ ನದಿಯನ್ನು ಕೇಳುತ್ತಿತ್ತು. ನದಿ ಆ ಕೋಣೆಯಡಿ ಬರಬೇಕಾದರೆ ಅಲ್ಲೊಂದು ಬಾವಿ ಇರಲೇಬೇಕು. ನನ್ನ ನಕ್ಷೆ ಮಾತ್ರ ಇಲ್ಲ ಎನ್ನುತ್ತಿತ್ತು.

ಲ್ಯಾಪ್‌ಟಾಪ್ ಮತ್ತು ಉಬ್ಬರದ ಪಟ್ಟಿ ಎತ್ತಿಕೊಂಡು ಬೇಗ ಮನೆಗೆ ಬಂದೆ. ಅಪ್ಪ ಚಾವಡಿಯಲ್ಲಿ ಬತ್ತಿ ಹೊಸೆಯುತ್ತಿದ್ದರು. ಪೌರೋಹಿತ್ಯ ಬಿಟ್ಟು ಬಹಳ ಕಾಲವಾಗಿತ್ತು, ಬತ್ತಿ ಹೊಸೆಯುವುದು ಬಿಟ್ಟಿರಲಿಲ್ಲ. ಎಲ್ಲವನ್ನೂ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ಯಾವ ನಾಗ?”

“ಅಪಾರ್ಟ್‌ಮೆಂಟ್ ಪಕ್ಕದ್ದು.”

“ಹೌದಾ? ಅದು ಅಲ್ಲಿ ಇದ್ದದ್ದಲ್ಲ. ಅಪಾರ್ಟ್‌ಮೆಂಟ್ ಕಟ್ಟುವಾಗ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು, ನಾಗನ ಅಪ್ಪಣೆ ಕೇಳಿ, ನಾನೇ ಅಲ್ಲಿಗೆ ತಂದು ಕೂರಿಸಿದ್ದು. ಕಲ್ಲು ಹಳೆಯದ್ದೇ, ಜಾಗ ಹೊಸತು. ಪೂರ್ವಕ್ಕೆ ಹದಿನೆಂಟು ಹೆಜ್ಜೆ. ಬರಿಗಾಲಲ್ಲಿ ಎಣಿಸಿದ್ದು ನೆನಪುಂಟು.”

“ನನಗೆ ಯಾಕೆ ಹೇಳ್ಲಿಲ್ಲ?”

“ಕೇಳಿದ್ರೆ ಹೇಳ್ತಿದ್ದೆ.”

ನನಗೆ ಸಿಟ್ಟು ಬಂತು. ಅವರ ಮೇಲಲ್ಲ. ಅಲ್ಲೇ ಕೂತು ನಾಗನನ್ನು ತೆರೆಯ ಮೇಲೆ ಹದಿನೆಂಟು ಹೆಜ್ಜೆ ಪಡುವಣಕ್ಕೆ ಸರಿಸಿದೆ. ಅಳಿಸಿದ್ದ ಕೊಳವನ್ನು ವಾಪಸು ಹಾಕಿದೆ. ಕೆಂಪು ಅಂಕಿ ಹೋಯಿತು. ಓಣಿಯಲ್ಲಿದ್ದ ಬಾವಿಯ ವೃತ್ತ ಗೋಡೆ ದಾಟಿ ಒಳಗೆ ಹೋಗಿ ಹಿಂದಿನ ಕೋಣೆಯ ಮೇಲೆ ನಿಂತಿತು. ಪಟ್ಟಿ ನೋಡಿದೆ. ಅಂದಿನ ಉಬ್ಬರ ಸೂರ್ಯ ಮುಳುಗುವಾಗಿನ ಮಗ್ರಿಬ್ ನಮಾಜಿನ ಹೊತ್ತಿಗೆ, ಇನ್ನು ಅರ್ಧ ಗಂಟೆ. ಉಮ್ಮನ ಮಗನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಪ್ಪ ಶಾಲು ಹೊದ್ದು ಸ್ಕೂಟರಿನ ಹಿಂದೆ ಕೂತರು.

ಮುಂಬಾಗಿಲು ತೆರೆದೇ ಇತ್ತು. ಮಗ ಮಸೀದಿಗೆ ಹೋಗಿದ್ದರು. ಹಿಂದಿನ ಕೋಣೆಯಲ್ಲಿ ಉಮ್ಮ ನಮಾಜು ಮಾಡುತ್ತಿದ್ದರು. ಮಂಡಿನೋವಿನಿಂದ ನೆಲಕ್ಕೆ ಕೂರಲಾಗದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿಯ ಸುತ್ತ ಕೆಂಪು ನೆಲದಲ್ಲಿ ಕೂದಲೆಳೆಯಂಥ ಬಿರುಕೊಂದು ದುಂಡಗೆ ಹೋಗಿತ್ತು. ಎರಡು ದಿನದ ಹಿಂದೆ ಅದನ್ನು ನಾನು ಕಂಡಿರಲಿಲ್ಲ. ಅವರನ್ನು ಎಳೆದು ತರಲೆಂದು ಕಾಲು ಮುಂದಿಟ್ಟೆ. ಅಪ್ಪ ನನ್ನ ತೋಳು ಹಿಡಿದರು.

“ನಿನ್ನ ಭಾರವನ್ನೂ ಅಲ್ಲಿ ಹಾಕ್ಬೇಡ,” ಎಂದರು ಮೆಲ್ಲಗೆ. “ನಮಾಜು ಮುಗೀಲಿ. ಅವರೇ ಎದ್ದು ಬರ್ತಾರೆ.”

ನಾವು ಹೊಸ್ತಿಲಲ್ಲಿ ನಿಂತೆವು. ಆಗ ಕೆಳಗಿನಿಂದ ಟಣ್ ಎಂದಿತು. ಸ್ವಲ್ಪ ತಡೆದು ಹಗ್ಗ ಕಲ್ಲಿಗೆ ಉಜ್ಜಿದಂಥ ಶಬ್ದ, ಮತ್ತೆ ಟಣ್. ಅಪ್ಪನ ಬೆರಳುಗಳು ನನ್ನ ತೋಳಿನ ಮೇಲೆ ಬಿಗಿಯಾದವು. ಅವರಿಗೂ ಕೇಳಿತ್ತು.

ಉಮ್ಮ ಬಲಕ್ಕೊಮ್ಮೆ ಎಡಕ್ಕೊಮ್ಮೆ ಮುಖ ತಿರುಗಿಸಿ ಸಲಾಂ ಹೇಳಿದರು, ಎದ್ದು ನಮ್ಮ ಕಡೆ ಬಂದರು. ಅವರ ಕೈ ಹಿಡಿದು ಎದುರಿನ ಕೋಣೆಗೆ ಕರೆತಂದು ಅತ್ತರಿನ ಪೆಟ್ಟಿಗೆಗಳ ನಡುವೆ ಕೂರಿಸಿದೆ. “ತಪ್ಪಾಯಿತು ಉಮ್ಮ,” ಎಂದೆ. ಅವರು ಅಪ್ಪನಿಗೆ ಕುರ್ಚಿ ತೋರಿಸಿದರು.

ಮರುದಿನ ಮಗ ನೆಲ ಒಡೆಸಿದರು. ಗಾರೆಯಡಿ ಒಂದು ಗೇಣು ಮಣ್ಣು, ಅದರಡಿ ಕೊಳೆತು ಕುಂಬಾದ ಹಲಗೆಗಳು, ಅದರಡಿ ಕಪ್ಪು ನೀರು. ನೀರು ಏರಿ ಇಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಟಾರ್ಚು ಬಿಟ್ಟು ಎಷ್ಟು ಹುಡುಕಿದರೂ ಕೊಡಪಾನ, ಹಗ್ಗ, ರಾಟೆ ಒಂದೂ ಇರಲಿಲ್ಲ. ಕಲ್ಲು, ಮರಳು ತುಂಬಿಸಿ ಮುಚ್ಚಿದರು. ಆ ತಪ್ಪು ನಕ್ಷೆ ಹಿಡಿದು ಹೋಗಿದ್ದ ಮನೆಗಳ ಬಾಗಿಲನ್ನು ನಾನು ಒಂದೊಂದಾಗಿ ಮತ್ತೆ ತಟ್ಟಿದೆ. ಮೊದಲು ಹೇಳಿದ್ದು ತಪ್ಪು ಎಂದು ಹೇಳುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು.

ತಿಂಗಳಾದ ಮೇಲೆ ಉಮ್ಮ ತಾವೇ ಫೋನ್ ಮಾಡಿದರು. “ಮಗಳೇ, ಶಬ್ದ ನಿಲ್ಲಲಿಲ್ಲ ಮಾರಾಯ್ತಿ. ಈಗ ಅಡುಗೆಕೋಣೆಯಿಂದ ಬರ್ತದೆ.”

ಸರಿಪಡಿಸಿದ ನಕ್ಷೆ ಎದುರಿಗೇ ತೆರೆದಿತ್ತು. ಆ ಅಡುಗೆಕೋಣೆಯ ಹತ್ತಿರ ಒಂದು ವೃತ್ತವೂ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ.

“ಒಲೆಯ ಹತ್ತಿರ ಹೋಗ್ಬೇಡಿ ಉಮ್ಮ,” ಎಂದೆ. “ಈಗ ಬಂದೆ. ನನಗೂ ಕೇಳ್ಬೇಕು.”