ಕೋರ್ಟಿನಲ್ಲಿ ಅತ್ತೆ ಹೇಳಿದ ‘ಆರಾಮ’

ನನ್ನ ಅತ್ತೆ ಜಡೆಮ್ಮ ಕುರುಗೋಡಿನ ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದವರು. ಹೋದ ವರ್ಷ ಸಿರಿಗೇರಿಯಿಂದ ಬರುವಾಗ ಆಟೋಗೆ ಲಾರಿ ಗುದ್ದಿ ಅವರ ಬಲ ಮಣಿಕಟ್ಟು ಪುಡಿಯಾಯಿತು. ಈಗ ಬೆರಳು ಮಡಚಲು ಬರುವುದಿಲ್ಲ. ಪರಿಹಾರದ ಕೇಸು ಬಳ್ಳಾರಿ ಕೋರ್ಟಿನಲ್ಲಿದೆ; ಇವತ್ತು ಅವರ ಸಾಕ್ಷಿ ಇತ್ತು.

ಬಸ್ಸಿನಲ್ಲಿ ಮಗಳಿಗೆ ಬಿಸ್ಕತ್ತು ತಿನ್ನಿಸುತ್ತಲೇ ಪಾಠ ಹೇಳಿದೆ. “ಅತ್ತಿ, ಇದ್ದದ್ದು ಇದ್ದಂಗ ಹೇಳ್ರಿ. ಕೈ ನೋಯ್ತೈತಿ ಅನ್ರಿ.”

“ನನಗೇನ್ ಹೇಳಿಕೊಡ್ತಿಯವಾ, ನೋಯೋದು ನನ್ನ ಕೈ!”

ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ನಗುನಗುತ್ತಾ ಶುರು ಮಾಡಿದರು. “ಏನಮ್ಮಾ, ಆರಾಮ ಅದೀರಾ?”

“ಆರಾಮ ಅದೀನಪಾ. ಮನ್ಯಾಗ ಎಲ್ಲಾರೂ ಆರಾಮ?”

ವಕೀಲರು ಜಡ್ಜ್ ಮೇಡಂ ಕಡೆ ತಿರುಗಿ, “ಬರೆಸಿಕೊಳ್ಳಬೇಕು ಮೇಡಂ, ಆರಾಮ ಅಂತೆ” ಎಂದರು.

ಮೇಡಂ ಅತ್ತೆಯನ್ನೇ ಕೇಳಿದರು. “ಅಮ್ಮಾ, ಈಗ ರೊಟ್ಟಿ ಬಡೀತೀರಾ?”

“ಎಲ್ಲಿ ರೊಟ್ಟಿ ತಾಯಿ! ಅನ್ನ ಕಲಸಾಕೂ ಸೊಸಿ ಬೇಕು. ಹಂಗಂತ, ಮಾತಾಡಿಸಿದವ್ರಿಗೆ ಆರಾಮ ಇಲ್ಲ ಅನ್ನಾಕ ಆಗ್ತೈತೇನು?”

ಕೋರ್ಟೆಲ್ಲ ನಕ್ಕಿತು. ಆ ವಕೀಲರೂ ನಕ್ಕರು. ಮೇಡಂ ಮಾತ್ರ ಕೈ ಚಾಚಿಸಿ ನೋಡಿ, ಕಂಡದ್ದನ್ನೆಲ್ಲ ಬರೆಸಿದರು. ಹೊರಗೆ ಬಂದ ಮೇಲೆ ನಮ್ಮ ವಕೀಲೆ ದಾಕ್ಷಾಯಣಿ, “ಕೇಸು ಗಟ್ಟಿ ಆಯ್ತು” ಅಂದರು.

ವಾಪಸ್ ಬಸ್ಸಿನಲ್ಲಿ ಪರಿಚಯದ ಕಂಡಕ್ಟರ್, “ಆರಾಮೇನ್ ಯವ್ವಾ?” ಅಂದ.

ಅತ್ತೆ ನನ್ನ ಮುಖ ನೋಡಿ, ಗಂಭೀರವಾಗಿ ಹೇಳಿದರು: “ಇಲ್ಲಪಾ, ಕೈ ಭಾಳ ನೋಯ್ತೈತಿ.”

ಪಾಪ, ಗಾಬರಿಯಾಗಿ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟ.