ಮರದ ತುದಿಯ ಸಿಗ್ನಲ್ಲು

ತಾಳ್ಯದ ಪಾಲಯ್ಯನಿಗೆ ಫೋನ್ ಮಾಡುವವರು ಅವನು ತೆಂಗಿನಮರ ಹತ್ತಿರುವ ಹೊತ್ತು ನೋಡಿಯೇ ಮಾಡಬೇಕು. ತಗ್ಗಿನಲ್ಲಿರುವ ಅವನ ತೋಟದಲ್ಲಿ ನೆಲದ ಮೇಲೆ ನೆಟ್‌ವರ್ಕ್ ಸಿಕ್ಕುವುದಿಲ್ಲ; ತುದಿ ಮುಟ್ಟಿದನೋ, ತಪ್ಪಿಹೋದ ಕರೆಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತವೆ. ಹೆಂಡತಿ ನಿಂಗಕ್ಕ ಉಪ್ಪು ತಾ ಎನ್ನಬೇಕಾದರೂ ಆ ಹೊತ್ತಿಗೇ ಕಾಯುತ್ತಾಳೆ. ಊರವರ ಕಾಯಿ ಕಿತ್ತೇ ಮುದುಕನಾದವನ ಸಂಸಾರ ಹೀಗೇ ನಡೆದಿದೆ.

ಈಗ ಅವನ ಅವ್ವ ನೆಟ್ಟ ಮರಕ್ಕೇ ಸಂಚಕಾರ ಬಂದಿತ್ತು. ಅಂಚಿನ ಬಾಂದು ಕಲ್ಲನ್ನು ಜೆಸಿಬಿಯೊಂದು ಕಿತ್ತೆಸೆದಿತ್ತು. ಗಡಿ ಮರದ ಈಚೆ, ಪಾಲಯ್ಯನ ಕಡೆಗಿತ್ತು, ಮರ ನನ್ನದು, ಕಡಿದು ಗಾಡಿದಾರಿ ಮಾಡುತ್ತೇನೆ ಎಂದು ಪಕ್ಕದ ಹೊಲದ ಜುಂಜಯ್ಯ ಪಟ್ಟು ಹಿಡಿದಿದ್ದ. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು.

ಅಳೆಯಲು ಹೊಳಲ್ಕೆರೆಯಿಂದ ಸರ್ವೇಯರ್ ಸುಚಿತ್ರಾ ಬಂದಳು. ಅವಳ ಅಳತೆಕೋಲಿನ ತುದಿಯ ಯಂತ್ರ ಉಪಗ್ರಹಗಳನ್ನಷ್ಟೇ ನಂಬಿದರೆ ಒಂದೆರಡು ಮಾರು ತಪ್ಪುತ್ತದಂತೆ. ಹೊಸದುರ್ಗದಲ್ಲಿ ಕದಲದೆ ಕೂತ ಇನ್ನೊಂದು ಯಂತ್ರ ಆ ತಪ್ಪನ್ನು ಲೆಕ್ಕ ಹಾಕಿ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಲೇ ಇರುತ್ತದೆ. ಅದು ತಲುಪಿದರೆ ಬೆರಳಗಲದಷ್ಟೂ ಆಚೀಚೆ ಆಗದು. ಆದರೆ ಈ ತಗ್ಗಿನಲ್ಲಿ ಇಂಟರ್‌ನೆಟ್ ಎಲ್ಲಿಂದ ತರುವುದು?

"ಮ್ಯಾಲೆ ಐತೆ ಮೇಡಂ," ಎಂದ ಪಾಲಯ್ಯ. ಹಾಟ್‌ಸ್ಪಾಟ್ ಹಾಕಿಸಿಕೊಂಡ ತನ್ನ ಫೋನನ್ನು ಸೊಂಟಕ್ಕೆ ಕಟ್ಟಿ ಅದೇ ಮರ ಹತ್ತಿದ.

ಕೆಳಗೆ ಸುಚಿತ್ರಾ ಬಂತು, ಬಂತು ಎಂದು ಕೂಗಿದಳು. ಅಷ್ಟರಲ್ಲಿ ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಪಾಲಯ್ಯನ ಸೊಂಟದ ಫೋನ್ ಬಡಿದುಕೊಂಡಿತು. ನಿಂಗಕ್ಕ! ಮರ ಹತ್ತಿರುತ್ತಾನೆಂದು ಹೊತ್ತು ನೋಡಿಯೇ ಮಾಡಿದ್ದಳು. ಅಭ್ಯಾಸಬಲ, ಎತ್ತಿಯೇಬಿಟ್ಟ, ಮಾತಿಗೆ ಹೋದ ಫೋನಿನ ಇಂಟರ್‌ನೆಟ್ ಕೆಳಗೆ ಕಡಿದುಹೋಯಿತು. ಸುಚಿತ್ರಾ ತಲೆ ಚಚ್ಚಿಕೊಂಡಳು. ಆಮೇಲೆ ಮಾಡುತ್ತೇನೆ ಇಡು ಎಂದು ಹೆಂಡತಿಯನ್ನು ಗದರಿ, ಪಾಲಯ್ಯ ಉಸಿರು ಬಿಗಿಹಿಡಿದು ಕೂತ.

ಇಂಟರ್‌ನೆಟ್ ಮತ್ತೆ ಹತ್ತಿತು. ಸುಚಿತ್ರಾಳ ಕೋಲು ಸರಿದು ಸರಿದು ಮರದ ಆಚೆ, ಜುಂಜಯ್ಯನ ಕಡೆ ನಿಂತಿತು. ಬಾಂದು ನೆಡುವಾಗ ಹಿರಿಯರು ಅದರ ಬುಡಕ್ಕೆ ಇದ್ದಿಲು ಸುರಿಯುತ್ತಿದ್ದರು. ಕಲ್ಲು ಹೋದರೂ ಇದ್ದಿಲು ಕೊಳೆಯದು. ಜುಂಜಯ್ಯ ನಂಬದೆ ತಾನೇ ಗುದ್ದಲಿ ಹಿಡಿದು ಅಗೆದ. ಮೊಣಕಾಲುದ್ದಕ್ಕೆ ಕಪ್ಪಗೆ ಇದ್ದಿಲು ಎದ್ದುಬಂತು. ಅದನ್ನು ಅಂಗೈಯಲ್ಲಿ ತಿಕ್ಕಿ ನೋಡಿದ. ಆಮೇಲೆ ತಲೆಯೆತ್ತಿದ.

"ಮರ ನಿಂದೇ ಕಣಪ್ಪ. ನಿಧಾನಕ್ಕಿಳಿ, ಅವಸರದಾಗೆ ಬಿದ್ದೀಯ."

ಪಾಲಯ್ಯನಿಗೆ ಖುಷಿ ತಡೆಯಲಾಗದೆ ಕಣ್ಣು ಮಂಜಾಯಿತು. ಅವ್ವನ ಮರವನ್ನು ಬಿಗಿಯಾಗಿ ತಬ್ಬಿಕೊಂಡ. ಆದರೆ ಇಳಿಯಲಿಲ್ಲ. ಇಳಿದರೆ ನೆಟ್‌ವರ್ಕ್ ಹೋಗುತ್ತದೆ. ಮೊದಲು ನಿಂಗಕ್ಕನಿಗೆ ಫೋನ್ ಹಚ್ಚಿದ.