ಗಿಡವೋ ಹುಡುಗಿಯೋ

ನಮ್ಮ ಮನೆಯಲ್ಲಿ ಅಮ್ಮ ಬಂದಳು ಎನ್ನುವುದಿಲ್ಲ, ಅಮ್ಮ ಬಂತು ಎನ್ನುತ್ತೇವೆ. ಅಕ್ಕನೂ ಬಂತು, ಅತ್ತಿಗೆಯೂ ಬಂತು, ಕೋಲೂರಿಕೊಂಡು ಅಜ್ಜಿಯೂ ಬಂತು. ಸಾಗರ ಸೀಮೆಯ ಹವ್ಯಕರ ಮನೆಮಾತಿನಲ್ಲಿ ಹೆಂಗಸರೆಲ್ಲ 'ಅದು'. ದನ, ಕರು, ದೀಪ, ಚೊಂಬು ಎಲ್ಲಕ್ಕೂ ಅದೇ ಮಾತು. ಇದರಲ್ಲಿ ಹೆಣ್ಣಿನ ಬಗ್ಗೆ ತಾತ್ಸಾರವಿದೆ ಎಂದು ಹೊರಗಿನವರು ವಾದ ಮಾಡುವುದನ್ನು ಕೇಳಿದ್ದೇನೆ. ಇರಬಹುದೇನೋ, ವಾದಕ್ಕೆ ಇಳಿದರೆ ನಾನೇ ಸೋಲುತ್ತೇನೆ. ಆದರೆ ಆ ಮಾತನ್ನೇ ಆಡುತ್ತ ಬೆಳೆದ ನನ್ನ ಕಿವಿಗೆ ಅದರಲ್ಲಿ ಸಲುಗೆ ಕೇಳುತ್ತಿತ್ತೇ ಹೊರತು ಬೇರೇನೂ ಅಲ್ಲ.

ಇಷ್ಟು ಸಲುಗೆಯ ಆ ಮಾತು ನನ್ನ ಎಂ.ಎ. ಸೀಟನ್ನೇ ನುಂಗುವುದರಲ್ಲಿತ್ತು. ಎಂಬತ್ತರ ದಶಕದ ನಡುವಿನ ಕಾಲ ಅದು. ಸಾಗರದಲ್ಲಿ ಬಿ.ಎ. ಮುಗಿಸಿದ್ದೆ. ಕನ್ನಡ ಪಾಠ ಹೇಳುವ ಕೆಲಸ ಬಿಟ್ಟು ಬೇರೆ ಯಾವುದರ ಮೇಲೂ ನನಗೆ ಆಸೆ ಇರಲಿಲ್ಲ. ಅದಕ್ಕೆ ಎಂ.ಎ. ಆಗಬೇಕು, ಎಂ.ಎ.ಗೆ ಪ್ರವೇಶ ಪರೀಕ್ಷೆ ದಾಟಬೇಕು. ಹಳೆಯ ಕಾವ್ಯದ ಒಂದು ತುಣುಕು ಕೊಟ್ಟು ಇದರ ಸಂಕೇತವೇನು, ವಸ್ತುವೇನು, ಪಾತ್ರ ಎಂಥದು ಎಂದು ಕೇಳುತ್ತಾರೆ. ಮೊದಲು ಬರೆಯಬೇಕು, ಆಮೇಲೆ ಎದುರು ಕೂತು ಬಾಯಲ್ಲಿ ಹೇಳಬೇಕು. ಪಾಸಾದರೆ ಹಾಸ್ಟೆಲು, ವಿದ್ಯಾರ್ಥಿವೇತನ ಎರಡೂ ಸಿಗುವಂತಿತ್ತು. ಇಲ್ಲದಿದ್ದರೆ ಓದು ಅಲ್ಲಿಗೇ ಮುಗಿಯಿತು ಎಂದು ಅಪ್ಪಯ್ಯ ಸಮಾಧಾನವಾಗಿಯೇ ಹೇಳಿತ್ತು. ನೋಡಿ, ಈಗಲೂ ಅವಸರದಲ್ಲಿ ಬರೆದರೆ ಅಪ್ಪಯ್ಯನಿಗೂ ಅಮ್ಮನ ಕ್ರಿಯಾಪದ ಅಂಟಿಕೊಳ್ಳುತ್ತದೆ. ಹೇಳಿದ್ದರು ಎಂದು ಓದಿಕೊಳ್ಳಿ.

ಅಕ್ಕನನ್ನು ಹೊಸನಗರಕ್ಕೆ ಕೊಟ್ಟಿದ್ದರು. ಭಾವನಿಗೆ ಅಲ್ಲಿಯ ತಾಲ್ಲೂಕು ಕಚೇರಿಯಲ್ಲಿ ಕೆಲಸ. ಪರೀಕ್ಷೆಗೆ ಓದಲು ನಾನು ಅವರಲ್ಲೇ ಉಳಿದೆ. ಅವರ ಮನೆಯ ಎರಡು ಬೀದಿಯಾಚೆ ಒಬ್ಬರು ಹೈಸ್ಕೂಲು ಕನ್ನಡ ಮೇಷ್ಟ್ರಿದ್ದರು, ಕೋಣಂದೂರು ಕಡೆಯ ಗೌಡರು. ಸಂಜೆ ಜಗಲಿಯಲ್ಲಿ ಚಾಪೆ ಹಾಸಿ ಇಂಥ ಪರೀಕ್ಷೆ ಕಟ್ಟುವವರಿಗೆ ಪಾಠ ಹೇಳುತ್ತಿದ್ದರು. ಆ ವರ್ಷ ಅವರ ಪಾಲಿಗೆ ಸಿಕ್ಕಿದ್ದು ನಾವಿಬ್ಬರೇ: ನಾನು, ಮತ್ತು ಕವಲೇದುರ್ಗದ ಕೆಳಗಿನ ಹಳ್ಳಿಯಿಂದ ಬಂದು ಹೊಸನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದ ಒಬ್ಬ ಗೆಳತಿ. ಅವಳದು ಬಾಯಿಬಡುಕ ಸ್ವಭಾವ, ಓದಿನಲ್ಲಿ ನನಗಿಂತ ಚುರುಕು.

ಮೇಷ್ಟ್ರ ಹತ್ತಿರ ಒಂದೇ ಒಂದು ಉಪಾಯವಿತ್ತು. ಅದಕ್ಕೆ ಅವರು ಇಟ್ಟ ಹೆಸರು 'ತೆಗೆದು ನೋಡು'. ಕಾವ್ಯದಲ್ಲಿ ಒಂದು ವಸ್ತು ಬಂದರೆ ಅದನ್ನು ಅಲ್ಲಿಂದ ತೆಗೆದು ನೋಡಬೇಕು. ತೆಗೆದರೂ ಕಥೆ ನಿಂತರೆ ಅದು ಬರೀ ವಸ್ತು. ತೆಗೆದ ಕೂಡಲೇ ಕಥೆ ಕುಸಿದರೆ ಅದು ಸಂಕೇತ.

"ಗೈಡಿನಲ್ಲಿ ಬರ್ದಿರ್ತಾರೆ, ಚಂದ್ರ ಅಂದ್ರೆ ಇದು, ಕಾಗೆ ಅಂದ್ರೆ ಇದು ಅಂತ. ಅದ್ನ ಬಾಯಿಪಾಠ ಮಾಡ್ಕಂಡು ಬಂದ್ರೆ ನನ್ ಚಾಪೆ ಮೇಲೆ ಕೂರ್ಬೇಡಿ," ಎನ್ನುತ್ತಿದ್ದರು. "ಚಂದ್ರ ಒಂದೊಂದ್ ಕಡೆ ಬರೀ ಚಂದ್ರನೇ ಮಾರಾಯ್ತಿ. ಬೆಳಕಿಗೆ ಅಂತ ಇಟ್ಟಿರ್ತಾನೆ ಕವಿ."

ಈ ಉಪಾಯ ನಮ್ಮಿಬ್ಬರ ತಲೆಗೆ ಎಷ್ಟು ಹತ್ತಿತೆಂದರೆ ಕಂಡಿದ್ದನ್ನೆಲ್ಲ ತೆಗೆದು ನೋಡತೊಡಗಿದೆವು. ಅಕ್ಕ ಮಾಡಿದ ಸಾರಿನಿಂದ ಹುಳಿ ತೆಗೆದು ನೋಡಿದೆವು. ತೀರ್ಥಹಳ್ಳಿ ಬಸ್ಸಿನಿಂದ ಕಂಡಕ್ಟರನ್ನು ತೆಗೆದು ನೋಡಿದೆವು; ಬಸ್ಸು ಹೇಗೂ ತಡವಾಗಿಯೇ ಬರುತ್ತದೆ, ಆದ್ದರಿಂದ ಅವನು ಬರೀ ಕಂಡಕ್ಟರು ಎಂದು ತೀರ್ಮಾನವಾಯಿತು. ನಾನು ಜ್ವರ ಬಂದು ಪಾಠಕ್ಕೆ ಹೋಗದಿದ್ದ ಮಾರನೆಯ ದಿನ ಗೆಳತಿ ಬಹಳ ಗಂಭೀರವಾಗಿ ಹೇಳಿದಳು:

"ನಿನ್ನೆ ನಿನ್ನ ತೆಗ್ದು ನೋಡ್ದೆ ಕಣೆ. ಪಾಠ ನಿಂತೇ ಇತ್ತು."

ಇಷ್ಟೆಲ್ಲ ಖುಷಿಯ ನಡುವೆ ನನ್ನ ಉತ್ತರಪತ್ರಿಕೆ ಮಾತ್ರ ದಿನವೂ ಕೆಂಪಾಗಿ ವಾಪಸು ಬರುತ್ತಿತ್ತು. ನಾಯಕಿಯ ಗುಣ ವರ್ಣಿಸಲು ಶುರು ಮಾಡಿದಾಗ 'ಅವಳು' ಎಂದೇ ಬರೆಯುತ್ತಿದ್ದೆ. ನಾಯಕಿಗೆ ಕಷ್ಟ ಬಂದು, ಅವಳು ನಮ್ಮ ಮನೆಯವಳೇ ಅನ್ನಿಸಿದ ಮೇಲೆ ಎಲ್ಲಿಂದಲೋ 'ಅದು' ನುಗ್ಗುತ್ತಿತ್ತು. 'ರಾಣಿ ಅಳುತ್ತ ಕೂತಿತು' ಎಂದು ಬರೆದಿದ್ದೆ ಒಮ್ಮೆ. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು, ಗೆಳತಿ ಚಾಪೆಯ ಮೇಲೆ ಮಗುಚಿಕೊಂಡು ನಕ್ಕಳು.

"ನಗಾಡ್ಬೇಡ ನೀನು," ಎಂದು ಅವಳನ್ನು ಗದರಿಸಿ ಮೇಷ್ಟ್ರು ನನ್ನ ಕಡೆ ತಿರುಗಿದರು. "ನೋಡು, ನೀನು ಓದಿ ಅರ್ಥ ಮಾಡ್ಕಳೋದ್ರಲ್ಲಿ ಎಂತ ಕೊರತೆನೂ ಇಲ್ಲ. ಆದ್ರೆ ಅಲ್ಲಿ ಕೂತಿರೋರಿಗೆ ನಿಮ್ಮನೆ ಮಾತು ಗೊತ್ತಿರಲ್ಲ. ಹುಡುಗಿಗೆ ಲಿಂಗನೇ ಗೊತ್ತಿಲ್ಲ, ಕನ್ನಡ ಹೆಂಗೆ ಕಲಿಸ್ತಾಳೆ ಅಂದ್ಬಿಡ್ತಾರೆ. ಮನೇಲೂ 'ಅವಳು' ಅಂತಾನೇ ಮಾತಾಡಿ ರೂಢಿ ಮಾಡ್ಕ."

ಮುಂದಿನ ಭಾನುವಾರ ಊರಿಗೆ ಹೋದಾಗ ಅದನ್ನೇ ಮಾಡಿದೆ. ಅಮ್ಮ ಎಲ್ಲಿ ಎಂದು ಅಪ್ಪಯ್ಯ ಕೇಳಿದರು. ಬೆನ್ನು ನೆಟ್ಟಗೆ ಮಾಡಿಕೊಂಡು, "ಅಮ್ಮ ಬಾವಿಕಟ್ಟೆಗೆ ಹೋದಳು," ಎಂದೆ. ಅಪ್ಪಯ್ಯ ಪೇಪರು ಕೆಳಗಿಟ್ಟು ನನ್ನ ಮುಖ ನೋಡಿದರು. ಅಷ್ಟರಲ್ಲಿ ಕೊಡಪಾನ ಹೊತ್ತು ಒಳಗೆ ಬಂದ ಅಮ್ಮನ ಕಿವಿಗೂ ಅದು ಬಿದ್ದಿತ್ತು.

"ಹೋದ್ಲು ಹೇಳಿ ಹೇಳಿದ್ಯಾ ನೀನು? ಆನೆಂತ ಮಾಡಿದ್ದಿ ನಿಂಗೆ?"

ನಾನೇನು ಮಾಡಿದ್ದೇನೆ ನಿನಗೆ ಎಂದು ಕೇಳುವಷ್ಟು ಅಮ್ಮನಿಗೆ ನಿಜವಾಗಿ ನೋವಾಗಿತ್ತು. 'ಹೋದಳು' ಎನ್ನುವುದು ದಾರಿಯಲ್ಲಿ ಹೋಗುವ ಯಾರೋ ಹೆಂಗಸಿಗೆ ಹೇಳುವ ಮಾತು. ಹೆತ್ತ ಮಗಳು ಹಾಗೆ ಅನ್ನಬಹುದೇ. ಪರೀಕ್ಷೆಗೆ ಅಭ್ಯಾಸ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಊಟಕ್ಕೆ ಬಡಿಸುವಾಗ ನನ್ನ ಎಲೆಗೆ ಮಾತ್ರ ಮಾತಿಲ್ಲದೆ ಬಡಿಸಿತು. ಸಂಜೆ ಬಸ್ಸು ಹತ್ತುವ ಮುಂಚೆ ನಾನು, "ಅಮ್ಮ, ಉಪ್ಪಿನಕಾಯಿ ಕೊಡ್ತ್ಯಾ?" ಎಂದು ಕೈಹಿಡಿದು ಕೇಳಿದ ಮೇಲೆಯೇ ಮುಖ ಸಡಿಲಾಯಿತು. ಮನೆಯಲ್ಲಿ ರೂಢಿ ಮಾಡುವ ಉಪಾಯ ಅಲ್ಲಿಗೆ ಬಿಟ್ಟೆ. ಹೊಸನಗರದಲ್ಲಿ ಮಾತ್ರ, ಗೆಳತಿಯ ಚಿಕ್ಕಮ್ಮನಿಂದ ಹಿಡಿದು ಕಂಡ ಹೆಂಗಸರಿಗೆಲ್ಲ 'ಅವಳು, ಅವರು' ಸೇರಿಸಿ ಸೇರಿಸಿ ಮಾತಾಡಿದೆ.

ಪರೀಕ್ಷೆ ಸಾಗರದ ಕಾಲೇಜಿನಲ್ಲೇ ಇತ್ತು. ಬರವಣಿಗೆ ಚೆನ್ನಾಗಿಯೇ ಆಯಿತು. ಬರೆದದ್ದನ್ನೆಲ್ಲ ಮತ್ತೆ ಓದಿ ಒಳನುಗ್ಗಿದ್ದ 'ಅದು'ಗಳನ್ನು ಹುಡುಕಿ ಹುಡುಕಿ ಹೊಡೆದುಹಾಕಿದೆ. ಬಾಯಲ್ಲಿ ಹೇಳುವಾಗ ಹೊಡೆದುಹಾಕಲು ಬರುವುದಿಲ್ಲವಲ್ಲ, ಭಯವಿದ್ದದ್ದು ಅದಕ್ಕೆ. ಗೆಳತಿ ನನಗಿಂತ ಮೊದಲು ಒಳಗೆ ಹೋಗಿ ನಗುತ್ತ ಹೊರಬಂದಳು. "ಮುದುಕ್ರು ಒಳ್ಳೇರೇ. ಹೆದ್ರಬೇಡ," ಎಂದು ನನ್ನ ಸೆರಗು ಸರಿ ಮಾಡಿ ಒಳಗೆ ತಳ್ಳಿದಳು.

ಮೇಜಿನ ಆಚೆ ಮೂವರು ಕೂತಿದ್ದರು. ನಡುವೆ ಕೂತ ಹಿರಿಯರು ಒಂದು ಹಾಳೆ ಕೊಟ್ಟು ಓದಲು ಹೇಳಿದರು. ಹಳೆಯ ಕಾವ್ಯವೊಂದರ ಭಾಗ. ದೂರದೂರಿಗೆ ಮದುವೆಯಾಗಿ ಹೊರಟ ಹುಡುಗಿ ತವರಿನ ಅಂಗಳದಿಂದ ಒಂದು ಮಲ್ಲಿಗೆ ಗಿಡವನ್ನು ಬೇರುಸಹಿತ ಕಿತ್ತುಕೊಂಡು ಹೋಗಿ ಗಂಡನ ಮನೆಯಲ್ಲಿ ನೆಡುತ್ತಾಳೆ. ಗಿಡ ಬಾಡುತ್ತದೆ, ಬಹಳ ಕಾಲ ಹೂ ಬಿಡುವುದಿಲ್ಲ. ಕಡೆಗೆ ಒಂದು ಬೆಳಗ್ಗೆ ಅಂಗಳವೆಲ್ಲ ಪರಿಮಳ. ಇದರಲ್ಲಿ ಗಿಡದ ಪಾತ್ರವೇನು ಎಂದು ಕೇಳಿದರು.

ಮೇಷ್ಟ್ರ ಉಪಾಯ ನೆನೆಸಿಕೊಂಡು ಗಿಡವನ್ನು ತೆಗೆದು ನೋಡಿದೆ. ಹುಡುಗಿ ಹೋದಳು, ಕಷ್ಟಪಟ್ಟಳು, ಹೊಂದಿಕೊಂಡಳು ಎಂಬ ಸುದ್ದಿ ಉಳಿಯುತ್ತದೆ, ಕಾವ್ಯ ಉಳಿಯುವುದಿಲ್ಲ ಎಂದು ಶುರು ಮಾಡಿದೆ. ಹಿರಿಯರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದು ನೋಡಿ ಧೈರ್ಯ ಬಂದು, ಮಾತಿನ ಭರದಲ್ಲಿ ನಾನು ಆ ಹುಡುಗಿಯ ಜೊತೆಗೇ ಗಂಡನ ಮನೆಗೆ ಹೊರಟುಬಿಟ್ಟೆ. ಹೊಸ ಮಣ್ಣು ಮೊದಲು ಅದಕ್ಕೆ ಒಗ್ಗಲಿಲ್ಲ ಎಂದೆ. ಅದು ಬಾಡಿದ್ದು ಯಾರಿಗೂ ಕಾಣಲಿಲ್ಲ, ಅದಕ್ಕೆ ಏನು ಬೇಕೆಂದು ಯಾರೂ ಕೇಳಲಿಲ್ಲ, ಆದರೂ ಅದು ತನ್ನಷ್ಟಕ್ಕೆ ಬೇರು ಬಿಟ್ಟಿತು ಎಂದೆ.

"ಸ್ವಲ್ಪ ನಿಲ್ಲಿ," ಎಂದರು ಹಿರಿಯರು. "ಅದು ಅಂದರೆ? ಗಿಡವೋ ಹುಡುಗಿಯೋ?"

ಗಿಡ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು, ವ್ಯಾಕರಣಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆದರೆ ನಾನು ಹೇಳುತ್ತಿದ್ದದ್ದು ಹುಡುಗಿಯನ್ನು. ಅಲ್ಲ, ಗಿಡವನ್ನೂ. ಯಾವಾಗ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದೆ ಎಂದು ನನಗೇ ತಿಳಿದಿರಲಿಲ್ಲ.

"ಎರಡೂ, ಸರ್," ಎಂದೆ. "ನಮ್ಮ ಮನೆಮಾತಿನಲ್ಲಿ ಹುಡುಗಿಗೂ ಅದು ಅಂತಲೇ ಹೇಳ್ತೀವಿ. ಅಮ್ಮನಿಗೂ ಹಾಗೇ. ಬರೆಯುವಾಗ ತಿದ್ದಿಕೊಳ್ತೇನೆ, ಈಗ ಬಾಯಿಗೆ ಬಂದುಬಿಡ್ತು. ಆದರೆ ಇಲ್ಲಿ ತಿದ್ದಿದರೆ ತಪ್ಪಾಗ್ತದೆ ಅನ್ನಿಸ್ತದೆ. ಅವಳು ಅಂದರೆ ಗಿಡ ಹೊರಗೆ ಉಳಿಯುತ್ತೆ. ಅದು ಅಂದರೆ ಇಬ್ಬರೂ ಒಳಗಿರ್ತಾರೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯರು ಜೋರಾಗಿ ನಕ್ಕರು. "ಹಾಗಾದರೆ ನಿಮಗೆ ಸಂಕೇತ ಹುಡುಕುವ ಕಷ್ಟವೇ ಇಲ್ಲ," ಎಂದು, ಇನ್ನು ಹೊರಡಬಹುದು ಎಂದರು. ನಕ್ಕದ್ದು ಮೆಚ್ಚಿಯೋ, ಗೇಲಿಗೋ ಎನ್ನುವುದನ್ನು ಮಾತ್ರ ನನ್ನಿಂದ ಅರ್ಥೈಸಲು ಆಗಲಿಲ್ಲ. ಹೊಸನಗರಕ್ಕೆ ಹೋಗಿ ಮೇಷ್ಟ್ರಿಗೆ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಎಲೆಅಡಿಕೆ ತಟ್ಟೆ ಎಳೆದುಕೊಂಡು, "ಕಾದು ನೋಡಣ," ಎಂದರು. ನಾನು ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದೆ.

ಆಮೇಲಿನ ದಿನಗಳು ಕಳೆಯುವುದೇ ಕಷ್ಟವಾಯಿತು. ಆ ಮಲ್ಲಿಗೆಯ ಮಾತು ನೆನಪಾದರೆ ಒಮ್ಮೆ ಹೆಮ್ಮೆ, ಒಮ್ಮೆ ನಾಚಿಕೆ. ಹಲಸಿನ ಹಪ್ಪಳದ ಕಾಲ ಅದು. ಅಮ್ಮ ಅಂಗಳದಲ್ಲಿ ಚಾಪೆಯ ಮೇಲೆ ಹಪ್ಪಳ ಮಗುಚುತ್ತ ಕೂತಿತ್ತು, ನಾನು ಒಳಗೆ ಹಿಟ್ಟು ಲಟ್ಟಿಸುತ್ತಿದ್ದೆ. ಮಧ್ಯಾಹ್ನದ ಬಸ್ಸು ಇಳಿದು, ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೇಷ್ಟ್ರು ಬರುವುದು ಕಿಟಕಿಯಲ್ಲಿ ಕಂಡಿತು. ಏನೋ ಕೆಲಸಕ್ಕೆ ಸಾಗರಕ್ಕೆ ಬಂದವರು ಕಾಲೇಜಿಗೆ ಹೋಗಿ ಫಲಿತಾಂಶ ವಿಚಾರಿಸಿ, ಅಲ್ಲಿಂದ ಸೀದಾ ನಮ್ಮೂರ ಬಸ್ಸು ಹತ್ತಿದ್ದರಂತೆ. ಹೊರಗೆ ಹೋಗಲು ಧೈರ್ಯ ಬರಲಿಲ್ಲ.

ಮೇಷ್ಟ್ರು ಅಂಗಳದ ತುದಿಯಲ್ಲಿ ಚಪ್ಪಲಿ ಬಿಟ್ಟು ಅಮ್ಮನಿಗೆ ನಮಸ್ಕಾರ ಮಾಡಿ, ಸಣ್ಣ ದನಿಯಲ್ಲಿ ಹೇಳಿದರು:

"ಅಮ್ಮಾ, ಅದು ಪಾಸಾತು."

ಗೌಡರ ಬಾಯಲ್ಲಿ 'ಅದು' ಎಂದರೆ ಅಮ್ಮನಿಗೆ ಯಾವುದೋ ವಸ್ತುವೆಂದೇ ಅರ್ಥವಾಯಿತು. ಕೈಲಿ ಹಪ್ಪಳ ಹಿಡಿದೇ ತಲೆಯೆತ್ತಿತು.

"ಯಾವ್ದು ಮೇಷ್ಟ್ರೇ?"

"ನಿಮ್ಮದೇ ಅದು. ನಿಮ್ಮ ಕೂಸು. ಮೊದಲ್ನೇ ಹೆಸ್ರೇ ಅದರದು."

ನಮ್ಮಲ್ಲಿ ಮಗಳಿಗೆ ಕೂಸು ಎನ್ನುತ್ತಾರೆ. ಆ ಮಾತನ್ನು ಅವರು ಯಾವಾಗ ಕಲಿತರೋ, ಬಸ್ಸಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದರೋ. ವರ್ಷವಿಡೀ ನನ್ನ ಒಂದೊಂದು 'ಅದು'ವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ ಮನುಷ್ಯ ನಮ್ಮ ಅಂಗಳದಲ್ಲಿ ನಿಂತು ನನ್ನನ್ನು 'ಅದು' ಎಂದರು. ನಾನು ಲಟ್ಟಣಿಗೆ ಹಿಡಿದುಕೊಂಡೇ ಅತ್ತೆ. ಅಷ್ಟು ಸಂತೋಷ ನನಗೆ ಆಮೇಲೆ ಪದವಿ ಕೈಗೆ ಬಂದಾಗಲೂ ಆಗಲಿಲ್ಲ.

ಅಮ್ಮ ಹಪ್ಪಳವನ್ನೆಲ್ಲ ಅಲ್ಲೇ ಬಿಟ್ಟು, ಮೇಷ್ಟ್ರಿಗೆ ಕೂರಲು ಹೇಳುವುದನ್ನೂ ಮರೆತು, ಅಪ್ಪಯ್ಯನನ್ನು ಕೂಗುತ್ತ ಹಿತ್ತಲಿಗೆ ಓಡಿತು.

"ಕೇಳ್ತಾ? ಎಂಗಳ ಕೂಸು ಪಾಸಾತಡ. ಮೇಷ್ಟ್ರು ಎಂಗಳ ಮಾತಲ್ಲೇ ಹೇಳಿದ್ರು."